ಒಡೆಯದೆ ಉಳಿದ ಆರನೆಯ ಕಪ್

ಫೂಚೌ ಊರಿನ ಹೆಣ್ಣುಮಕ್ಕಳ ಮಿಷನ್ ಕಾಲೇಜಿನಲ್ಲಿ ವೆಂಗ್ ಚಿಕ್ಕಮ್ಮ ಅಡುಗೆಮನೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಹದಿನೇಳು ಪಿಂಗಾಣಿ ಬಟ್ಟಲು, ಎರಡು ಹೂಜಿ, ಒಂದು ಉಪ್ಪಿನಕಾಯಿ ಜಾಡಿ ಒಡೆದಳು. ಅಷ್ಟಕ್ಕೇ ನಿಂತಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಪ್ರಿನ್ಸಿಪಾಲರಾದ ಲೂಮಿಸ್ ಮಿಸ್ಸಮ್ಮನವರು ಅಮೆರಿಕದಿಂದ ಹುಲ್ಲಿನಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಹಡಗಿನಲ್ಲಿ ಎತ್ತಿಕೊಂಡು ತಂದಿದ್ದ ನೀಲಿ ಹೂವಿನ ಆರು ಕಪ್‌ಗಳಿದ್ದವು. ಅವುಗಳಲ್ಲಿ ಐದನ್ನು ಶನಿವಾರ ಮಧ್ಯಾಹ್ನ ಒಂದೇ ಏಟಿಗೆ ಮುಗಿಸಿದಳು.

ಅವಳ ಗಂಟುಮೂಟೆ ಕಟ್ಟಿಸುತ್ತಾರೆ ಎಂದು ಎಲ್ಲರೂ ಕಾದರು. ಅವಳೇ ಮುಂಚಿತವಾಗಿ ಕಟ್ಟಿಟ್ಟಿದ್ದಳು, ಅವಳಿಗೆ ಇದೇನು ಹೊಸದಲ್ಲ. ಆದರೆ ಮಿಸ್ಸಮ್ಮ ಅವಳನ್ನು ಕೋಣೆಗೆ ಕರೆದು, ಉಳಿದಿದ್ದ ಆರನೆಯ ಕಪ್ಪನ್ನು ಅವಳ ಕೈಯಲ್ಲೇ ಇಟ್ಟರು. ಮಿಸ್ಸಮ್ಮ ನಮ್ಮ ಫೂಚೌ ಮಾತನ್ನು ಕಲಿತದ್ದು ಬೈಬಲ್ಲಿನಿಂದ. ತರಕಾರಿಯವನ ಹತ್ತಿರ ಸೊಪ್ಪಿಗೆ ಚೌಕಾಸಿ ಮಾಡಿದರೂ ಪ್ರವಾದಿಗಳು ಮಾತಾಡಿದ ಹಾಗೇ ಇರುತ್ತಿತ್ತು.

"ವೆಂಗ್ ಸಹೋದರಿಯೇ, ಇದು ನಿನ್ನದಾಗಿರಲಿ. ತನ್ನದೆಂಬುದು ಒಂದಿದ್ದರೆ ಮನುಷ್ಯನ ಕೈ ತಾನಾಗಿ ಎಚ್ಚರಗೊಳ್ಳುವುದು" ಎಂದರು.

ಆಶ್ಚರ್ಯವೆಂದರೆ ಹಾಗೇ ಆಯಿತು. ಹನ್ನೊಂದು ವರ್ಷ ವೆಂಗ್ ಚಿಕ್ಕಮ್ಮ ಬೆಳಿಗ್ಗೆ ಸಂಜೆ ಆ ಕಪ್ಪಿನಲ್ಲೇ ಮಲ್ಲಿಗೆ ಟೀ ಕುಡಿದಳು, ಅದರ ಅಂಚು ಕೂಡ ಮುಕ್ಕಾಗಲಿಲ್ಲ. ಉಳಿದದ್ದೆಲ್ಲ ಮಾತ್ರ ಎಂದಿನಂತೆ ಒಡೆಯುತ್ತಲೇ ಇತ್ತು. ಕೊನೆಗೆ ಅವಳನ್ನು ಅಡುಗೆಮನೆಯಿಂದ ಎತ್ತಿ ಗೇಟು ಕಾಯಲು ಹಾಕಿದರು, ಗೇಟಿನಲ್ಲಿ ಒಡೆಯುವಂಥದ್ದು ಏನೂ ಇಲ್ಲವೆಂಬ ಧೈರ್ಯದ ಮೇಲೆ. ಮೊದಲ ದಿನ ಸಂಜೆಯೇ ಗೇಟಿನ ಲಾಂದ್ರದ ಗಾಜು ಹೋಯಿತು. ಅಂಗಳದಲ್ಲಿ ಹುಡುಗಿಯರ ಚೆಂಡು ತಾಗಿ ಕಿಟಕಿ ಒಡೆದರೂ ಆ ಪಾಪ ಅವಳ ತಲೆಗೇ ಬರುತ್ತಿತ್ತು. ಮಿಸ್ಸಮ್ಮ ಮಾತ್ರ ಪ್ರತಿ ವರ್ಷ ಹೊಸ ಹುಡುಗಿಯರು ಸೇರಿದ ಮೊದಲ ಭಾನುವಾರ ಆ ಕಪ್ಪನ್ನು ಪ್ರಾರ್ಥನಾ ಮಂದಿರದಲ್ಲಿ ಎತ್ತಿ ತೋರಿಸಿ, ಶಿಕ್ಷಣದಿಂದ ಮನುಷ್ಯ ಹೇಗೆ ತಿದ್ದಿಕೊಳ್ಳುತ್ತಾನೆ ಎಂದು ಅರ್ಧ ಗಂಟೆ ಉಪದೇಶ ಮಾಡುತ್ತಿದ್ದರು. ಆಗ ವೆಂಗ್ ಚಿಕ್ಕಮ್ಮ ಹಿಂದಿನ ಬೆಂಚಿನಲ್ಲಿ ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಅವಳ ಕೈ ಹೀಗೇಕೆ ಎಂದು ಯಾರಾದರೂ ಕೇಳಿದರೆ, "ನನ್ನ ಕೈದೇನೂ ತಪ್ಪಿಲ್ಲ, ನನ್ನ ಮದುವೆಗೆ ಮುಂಚೆ ಒಡೆದ ಬಟ್ಟಲು ಇನ್ನೂ ಒಡೀತಾನೇ ಇದೆ" ಎನ್ನುತ್ತಿದ್ದಳು. ಅದು ತಮಾಷೆಯಲ್ಲ. ನಮ್ಮಲ್ಲಿ ಹುಡುಗಿ ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಬರೆದ ಕೆಂಪು ಚೀಟಿ ಗಂಡಿನ ಮನೆಗೆ ಹೋಗುತ್ತದೆ. ಅದನ್ನು ಗತಿಸಿದ ಹಿರಿಯರ ಪೀಠದ ಮುಂದೆ ಊದುಬತ್ತಿಯ ಬಟ್ಟಲಿನ ಕೆಳಗೆ ಮೂರು ದಿನ ಇಡುತ್ತಾರೆ. ಮೂರು ದಿನದಲ್ಲಿ ಮನೆಯಲ್ಲಿ ಜಗಳವಾಗದಿದ್ದರೆ, ಕಳ್ಳತನವಾಗದಿದ್ದರೆ, ಮುಖ್ಯವಾಗಿ ಬಟ್ಟಲು ಒಡೆಯದಿದ್ದರೆ, ಹಿರಿಯರು ಒಪ್ಪಿದರು ಎಂದರ್ಥ. ಹುಡುಗಿ ಒಪ್ಪಿದಳೋ ಇಲ್ಲವೋ ಎಂದು ತಿಳಿಯಲು ಇಂಥ ಯಾವ ಏರ್ಪಾಟೂ ಇಲ್ಲ.

ವೆಂಗ್ ಚಿಕ್ಕಮ್ಮನ ಚೀಟಿ ಇಟ್ಟಾಗ ಮೂರು ದಿನವೂ ಮನೆ ತಣ್ಣಗಿತ್ತೆಂದು ಸುದ್ದಿ ಬಂತು, ಹತ್ತೊಂಬತ್ತರ ಹುಡುಗಿಯ ಮದುವೆ ಆಯಿತು. ಮದುವೆಯಾದ ತಿಂಗಳಿಗೆ ಅತ್ತೆಮನೆಯ ಒಲೆಯ ಬೂದಿ ಎತ್ತುವಾಗ ಅಡಿಯಲ್ಲಿ ಒಂದು ಬಟ್ಟಲಿನ ಚೂರುಗಳು ಸಿಕ್ಕವು. ಅತ್ತೆಯನ್ನು ಕೇಳಿದರೆ, "ಎರಡನೇ ದಿನ ಬಿತ್ತು, ಕಣೆ. ಅಷ್ಟು ಕಡಿಮೆ ತೆರಕ್ಕೆ ಸಿಕ್ಕ ಸೊಸೇನ ಒಂದು ಬಟ್ಟಲಿಗೋಸ್ಕರ ಬಿಡೋಕಾಗುತ್ತಾ?" ಎಂದಳಂತೆ. ಗಂಡ ಎರಡು ವರ್ಷ ಅಫೀಮು ಸೇದಿ, ಆಮೇಲೆ ದಕ್ಷಿಣ ಸಮುದ್ರದಾಚೆಯ ರಬ್ಬರ್ ತೋಟಕ್ಕೆಂದು ಹಡಗು ಹತ್ತಿದವನು ಒಂದೇ ಒಂದು ಕಾಗದ ಬರೆದ. ತನ್ನ ಹತ್ತಿ ತುಂಬಿದ ಕೋಟು ಕಳಿಸು ಎಂದು ಬರೆದಿದ್ದ, ಅದೂ ಚಳಿಗಾಲವೇ ಇಲ್ಲದ ಊರಿನಿಂದ. ಅವಳು ಕೋಟು ಕಳಿಸಿದಳು, ಮತ್ತೆ ಕಾಗದ ಬರಲಿಲ್ಲ.

ಇಂಥವಳ ಕೈಯಿಂದ ಕಾಲೇಜಿನ ಹುಡುಗಿಯರಿಗೆ ಉಪಕಾರವಾದದ್ದು ಮೊದಲ ಸಲ ಅಕಸ್ಮಾತ್ತಾಗಿಯೇ. ರಜೆಯಲ್ಲಿ ಯಾರದೋ ದೊಡ್ಡ ಮನೆಯ ಹಬ್ಬದೂಟಕ್ಕೆ ಪಾತ್ರೆ ತೊಳೆಯಲು ಹೋಗಿದ್ದಳು. ಎಂದಿನಂತೆ ಒಂದು ಬಟ್ಟಲು ಜಾರಿತು. ಮನೆಯವರೆಲ್ಲ ಎದೆ ಹಿಡಿದುಕೊಂಡು ಪೀಠದ ಹತ್ತಿರ ಓಡಿದರು. ಅಲ್ಲಿದ್ದದ್ದು ಕಾಲೇಜಿನ ಎರಡನೇ ವರ್ಷದ ಹುಡುಗಿಯೊಬ್ಬಳ ಚೀಟಿ. ಚೀಟಿ ವಾಪಸಾಯಿತು, ಹುಡುಗಿ ಕುಣಿಯುತ್ತ ಮತ್ತೆ ಕ್ಲಾಸಿಗೆ ಬಂದಳು. ಸುದ್ದಿ ಹಾಸ್ಟೆಲಿನಲ್ಲಿ ಹಬ್ಬದೆ ಇರುತ್ತದೆಯೇ? ಆರು ವರ್ಷದಲ್ಲಿ ಇನ್ನೂ ನಾಲ್ಕು ಚೀಟಿಗಳು ಹೀಗೇ ವಾಪಸಾದವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ವೆಂಗ್ ಚಿಕ್ಕಮ್ಮ ಒಂದು ಸುಳ್ಳೂ ಹೇಳದೆ ಐದು ಮುರಿದಿದ್ದಳು. ಅವಳು ಬೇಕೆಂದು ಏನನ್ನೂ ಒಡೆಯುತ್ತಿರಲಿಲ್ಲ. ಹುಡುಗಿಯರು ಹೇಳಿದ, ಚೀಟಿ ಇಟ್ಟ ಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು, ಅಷ್ಟೇ, ಮಿಕ್ಕದ್ದನ್ನು ಕೈ ನೋಡಿಕೊಳ್ಳುತ್ತಿತ್ತು. ಮಿಸ್ಸಮ್ಮ ಇದೆಲ್ಲ ತಮ್ಮ ಪ್ರಾರ್ಥನೆಯ ಫಲವೆಂದು ತಿಳಿದು ಪ್ರತಿ ಸಲವೂ ಕೃತಜ್ಞತಾ ಕೂಟ ಏರ್ಪಡಿಸುತ್ತಿದ್ದರು. ಆಮೆನ್ ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ವೆಂಗ್ ಚಿಕ್ಕಮ್ಮ.

ಆ ಐದರಲ್ಲಿ ಎರಡು ಒಬ್ಬಳದೇ ಚೀಟಿ, ರುಲಾನಳದು. ತಂದೆಯಿಲ್ಲದ ಹುಡುಗಿ, ದೊಡ್ಡಪ್ಪನ ಆಶ್ರಯ. ವೈದ್ಯಳಾಗಬೇಕೆಂಬ ಹಟ. ಗೇಟಿನ ಪಕ್ಕದ ಚರಂಡಿಯಲ್ಲಿ ವೆಂಗ್ ಚಿಕ್ಕಮ್ಮ ಹಿಡಿದುಕೊಟ್ಟ ಕಪ್ಪೆಗಳನ್ನೆಲ್ಲ ಕೊಯ್ದು ನೋಡಿದ್ದಳು. ಚೂರು ತಾಗಿದ ವೆಂಗ್ ಚಿಕ್ಕಮ್ಮನ ಬೆರಳಿಗೆ ಪಟ್ಟಿ ಕಟ್ಟುತ್ತಿದ್ದವಳೂ ಅವಳೇ, ಎಂದ ಮೇಲೆ ಅವಳಿಗೆ ಸಿಕ್ಕ ಮೊದಲ ರೋಗಿಯೂ ಈ ಚಿಕ್ಕಮ್ಮನೇ. ವಾರಕ್ಕೆ ಎರಡು ಸಲ ಬರುವ ನಂಬಿಕಸ್ತ ರೋಗಿ. ಹೆತ್ತ ಮಕ್ಕಳಿಲ್ಲದ ವೆಂಗ್ ಚಿಕ್ಕಮ್ಮನಿಗೆ ಆ ಪಟ್ಟಿ ಕಟ್ಟಿಸಿಕೊಳ್ಳುವ ಹೊತ್ತೆಂದರೆ ಬಲು ಇಷ್ಟ. ಬೆರಳು ವಾಸಿಯಾದರೂ ಎರಡು ದಿನ ಹೆಚ್ಚಾಗಿಯೇ ನೋವೆನ್ನುತ್ತಿದ್ದಳು.

ಮೂರನೇ ವರ್ಷದ ಕೊನೆಯಲ್ಲಿ ಒಂದು ಮಧ್ಯಾಹ್ನ ರುಲಾನ್ ಗೇಟಿಗೆ ಬಂದು ಮೆಟ್ಟಿಲ ಮೇಲೆ ಕೂತಳು.

"ಚಿಕ್ಕಮ್ಮ, ನಾಡಿದ್ದು ನನ್ನ ಚೀಟಿ ಲಿಯಾವ್ ಅನ್ನೋರ ಮನೆಗೆ ಹೋಗುತ್ತೆ. ಊರಿನ ದಕ್ಷಿಣದ ಬಾಗಿಲ ಹತ್ರ."

"ಹೋಗ್ಲಿ ಬಿಡು, ಬರುತ್ತೆ."

"ಇದು ಮೂರನೇದು. ಇದೂ ಮುರಿದ್ರೆ ನಾನಿನ್ನು ಕೈ ತೊಳ್ಕೊಂಡೆ, ಓದಿ ಹಾಳಾಗಿ ಹೋಗ್ಲಿ ಅಂದಿದಾರೆ ದೊಡ್ಡಪ್ಪ. ಮುರೀದಿದ್ರೆ ಒಂಬತ್ತನೇ ತಿಂಗಳು ಮದುವೆ."

"ಓದಿ ಹಾಳಾಗೋಕೆ ತಯಾರಾಗಿರು" ಎಂದಳು ವೆಂಗ್ ಚಿಕ್ಕಮ್ಮ.

ಆ ಮನೆಯವರದು ಏನು ವ್ಯಾಪಾರ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರಲ್ಲಿ ಒಬ್ಬಳು ಓದಿದವಳು, ಒಬ್ಬಳು ಲೋಕ ಕಂಡವಳು. ಬುದ್ಧಿವಂತರ ಬುದ್ಧಿಯೂ ಕೆಲವು ಸಲ ಸರಿಯಾದ ಹೊತ್ತಿಗೆ ಮಲಗಿಬಿಡುತ್ತದೆ.

ಒಂದು ಮದುವೆಯ ಕೆಲಸವಿದೆ ಎಂದು ವೆಂಗ್ ಚಿಕ್ಕಮ್ಮ ಮಿಸ್ಸಮ್ಮನ ಹತ್ತಿರ ಮೂರು ದಿನ ರಜೆ ಕೇಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಲಿಯಾವ್ ಮನೆಯಲ್ಲಿ ಕೆಲಸಗಾರರೇ ಮೂವತ್ತು ಜನ ಉಣ್ಣುತ್ತಿದ್ದುದರಿಂದ ಪಾತ್ರೆ ತೊಳೆಯುವವರು ಯಾವಾಗ ಬಂದರೂ ಬೇಡವೆನ್ನುತ್ತಿರಲಿಲ್ಲ. ಹೋದ ಅರ್ಧ ಗಂಟೆಗೆ ಮೊದಲ ಬಟ್ಟಲು ಕೈ ಜಾರಿತು. ವೆಂಗ್ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಟಕ್ ಎಂದು ಒಂದು ಸದ್ದು, ಆಮೇಲೆ ಟಕ್ ಟಕ್ ಎಂದು ಎರಡು ಸಣ್ಣ ಸದ್ದು. ಕಣ್ಣು ಬಿಟ್ಟರೆ ಬಟ್ಟಲು ನೆಲದ ಮೇಲೆ ನೆಟ್ಟಗೆ ಕೂತಿತ್ತು.

ಎರಡನೆಯದೂ ಹಾಗೆಯೇ. ಮೂರನೆಯದು ಕಂಬಕ್ಕೆ ತಾಗಿ ಪುಟಿದು ಮತ್ತೆ ಅವಳ ಕಾಲ ಬಳಿಯೇ ಬಂತು. ಎತ್ತಿ ನೋಡಿದರೆ ಒಣ ಎಲೆಯಷ್ಟು ಹಗುರ. ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೊಸಬಳಲ್ವಾ? ಇದು ಅರಗಿನ ಪಾತ್ರೆ ಮಾಡೋರ ಮನೆ, ತಾಯಿ. ಬಟ್ಟೆಗೆ ಮರದ ಹಾಲಿನ ಅರಗು ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ ಮಾಡಿರೋದು. ಬಟ್ಟಲು, ತಟ್ಟೆ, ಹೂಜಿ, ಎಲ್ಲಾ ಅದೇ. ಈ ಮನೇಲಿ ಒಡೆಯೋಕೆ ಅಂತ ಏನೂ ಇಲ್ಲ."

ಅದಕ್ಕೇ ಲಿಯಾವ್ ಯಜಮಾನನಿಗೆ ಅಷ್ಟು ಜಂಬ. ನಾಲ್ಕು ತಲೆಮಾರಿನಿಂದ ಈ ಮನೆಗೆ ಬಂದ ಚೀಟಿ ಒಂದಾದರೂ ವಾಪಸು ಹೋಗಿಲ್ಲ, ನಮ್ಮ ಹಿರಿಯರು ಅಷ್ಟು ಒಳ್ಳೆಯವರು ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಪಾಪ, ಹಿರಿಯರು ಬೇಡವೆನ್ನಲು ಬಾಯಾದರೂ ಎಲ್ಲಿತ್ತು?

ಎರಡನೆಯ ದಿನ ಅವಳು ಬೇರೆ ದಾರಿ ಹಿಡಿದಳು. ಮನೆಯಲ್ಲಿ ಮಣ್ಣಿನದು ಎಂದಿದ್ದದ್ದು ಹಿತ್ತಲಿನ ನೀರಿನ ಬಾನಿ ಒಂದೇ. ಅದಕ್ಕೆ ಗುದ್ದಿಕೊಂಡಳು. ಬಾನಿ ಅಲುಗಲಿಲ್ಲ, ಅವಳ ಕಾಲಿನ ಹೆಬ್ಬೆರಳು ಊದಿತು. ಜಗಳವಾದರೂ ಆಗಲೆಂದು ಅಡುಗೆಯವನ ಮೀನಿನ ಉಂಡೆ ರಬ್ಬರಿನ ಹಾಗಿದೆ ಎಂದಳು. ಅವನು ಸೌಟು ಕೆಳಗಿಟ್ಟು, "ನಂಗೂ ಹಾಗೇ ಅನ್ಸಿತ್ತು ಅಕ್ಕ, ಹೇಳೋರೇ ಇರಲಿಲ್ಲ" ಎಂದು ಕಣ್ಣು ಒರೆಸಿಕೊಂಡ. ಇಂಥವನ ಹತ್ತಿರ ಯಾರು ಜಗಳವಾಡುತ್ತಾರೆ? ಸಂಜೆ ಅಟ್ಟದಿಂದ ಬಟ್ಟಲುಗಳ ಅಡಕಲನ್ನೇ ಹೊತ್ತು ಇಳಿಯುವಾಗ ಕಾಲು ತಪ್ಪಿತು. ಹನ್ನೆರಡು ಬಟ್ಟಲೂ ಮೆಟ್ಟಿಲು ಮೆಟ್ಟಿಲಾಗಿ ಕುಣಿಯುತ್ತ ನಡುಮನೆಗೆ ಹೋದವು. ಒಂದು ಮಾತ್ರ ಉರುಳಿಕೊಂಡು ಹೋಗಿ ಪೀಠದ ಮುಂದೆ, ಚೀಟಿಗೆ ಎದುರಾಗಿ, ಸರಿಯಾಗಿ ಕೂತಿತು.

ಯಜಮಾನ ಎದ್ದು ನಿಂತು ಕೈ ಮುಗಿದ. ಬಿದ್ದರೂ ಒಡೆಯದ ಸಂಬಂಧ ಎಂದರೆ ಇದು, ಇಂಥ ಶಕುನವನ್ನು ತನ್ನ ಜನ್ಮದಲ್ಲಿ ಕಂಡಿಲ್ಲ ಎಂದು ಮದುವೆ ದಲ್ಲಾಳಿಗೆ ಆಗಲೇ ಹೇಳಿಕಳಿಸಿದ. ವೆಂಗ್ ಚಿಕ್ಕಮ್ಮನಿಗೆ ಶುಭಕ್ಕೆ ಹಂಚುವ ಕೆಂಪು ಬಣ್ಣದ ಮೊಟ್ಟೆ ಒಂದು ಬಹುಮಾನ ಬಂತು. ಐವತ್ತೆರಡು ವರ್ಷ ಬೈಸಿಕೊಂಡ ಕೈಗೆ ಸಿಕ್ಕ ಮೊದಲ ಮರ್ಯಾದೆ, ಅದೂ ಇವತ್ತು ಬೇಕಿತ್ತೇ?

ನದಿಯ ಸೇತುವೆ ದಾಟಿ ಕಾಲೇಜಿನ ಗೇಟಿಗೆ ಬಂದರೆ ರುಲಾನ್ ಕಾಯುತ್ತ ನಿಂತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು, ಮಿಕ್ಕದ್ದನ್ನು ವೆಂಗ್ ಚಿಕ್ಕಮ್ಮ ಹೇಳಿದಳು. ಕೂರಿಸಿ, ಊದಿದ ಹೆಬ್ಬೆರಳಿಗೆ ತಣ್ಣೀರು ಪಟ್ಟಿ ಸುತ್ತಿದಳು.

"ಇರಲಿ ಬಿಡಿ, ಚಿಕ್ಕಮ್ಮ. ನಿಮ್ಮ ಕೈಯಿಂದ ಬಿದ್ದದ್ದೂ ಒಡೀಲಿಲ್ಲ ಅಂದ್ರೆ ಅದು ನನ್ನ ಹಣೆಬರಹಾನೇ. ನನ್ನ ಕತ್ತರಿ, ಚಾಕು ಎಲ್ಲಾ ಕೆಳಗಿನ ಕ್ಲಾಸಿನವ್ರಿಗೆ ಕೊಟ್ಟುಬಿಡ್ತೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ವೆಂಗ್ ಚಿಕ್ಕಮ್ಮನಿಗೆ ಬೈಯಲಾದರೂ ಆಗುತ್ತಿತ್ತು. ಪಟ್ಟಿಯ ತುದಿಯನ್ನು ಹುಡುಗಿ ಅಷ್ಟು ಅಚ್ಚುಕಟ್ಟಾಗಿ ಒಳಗೆ ಮಡಚಿ ಸಿಕ್ಕಿಸಿದ್ದನ್ನು ಅವಳು ನೋಡುತ್ತ ಕೂತಳು. ಬೂದಿಯಲ್ಲಿ ಸಿಕ್ಕ ಆ ಚೂರುಗಳು ನೆನಪಾದವು. ತನಗಾಗಿ ಒಂದು ಬಟ್ಟಲು ಒಡೆದಿತ್ತು, ಅದನ್ನು ಹೇಳುವವರು ಇರಲಿಲ್ಲ. ಈ ಹುಡುಗಿಗೆ ಹೇಳುವವರಿದ್ದಾರೆ, ಒಡೆಯಲು ಬಟ್ಟಲಿಲ್ಲ.

ಮೂರನೆಯ ದಿನ ಅವಳು ನೀಲಿ ಹೂವಿನ ಕಪ್ಪನ್ನು ಬಟ್ಟೆಯಲ್ಲಿ ಸುತ್ತಿ ಗಂಟಿನಲ್ಲಿ ಇಟ್ಟುಕೊಂಡಳು.

ಮಧ್ಯಾಹ್ನದ ಊಟವಾಗಿ ನಡುಮನೆಯಲ್ಲಿ ಯಜಮಾನ ಟೀ ಕುಡಿಯುತ್ತಿದ್ದ. ಅವನ ತಾಯಿ, ಎಂಬತ್ತರ ಮುದುಕಿ, ಬೆತ್ತದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಮದುಮಗನಾಗಬೇಕಾದ ಮೊಮ್ಮಗ ಮೂಲೆಯಲ್ಲಿ ಕೂತು ಒಂದು ಅರಗಿನ ತಟ್ಟೆಗೆ ಅಲಂಕಾರವಾಗಿ ಮೊಟ್ಟೆಯ ಸಿಪ್ಪೆಯ ಚೂರು ಅಂಟಿಸುತ್ತಿದ್ದ, ಮದುವೆ ತನ್ನದಲ್ಲವೇನೋ ಎಂಬಂತೆ. ವೆಂಗ್ ಚಿಕ್ಕಮ್ಮ ತನ್ನ ಕಪ್ಪಿಗೆ ಟೀ ಬಗ್ಗಿಸಿಕೊಂಡು ಪೀಠದ ಮುಂದೆ ಹೋಗಿ ನಿಂತಳು. ಇನ್ನು ಜಾರಬೇಕು.

ಜಾರಲಿಲ್ಲ. ಹುಟ್ಟಿದಾಗಿನಿಂದ ಜಾರುತ್ತಿದ್ದ ಬೆರಳುಗಳು ಹಲ್ಲಿಯ ಹಾಗೆ ಕಪ್ಪಿಗೆ ಅಂಟಿಕೊಂಡಿದ್ದವು. ಕೈ ಅಲುಗಿಸಿದಳು, ಟೀ ಚೆಲ್ಲಿತು, ಕಪ್ ಬೀಳಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ. ಮಿಸ್ಸಮ್ಮನ ಉಪದೇಶ ಇಷ್ಟು ಚೆನ್ನಾಗಿ ನಾಟಿದ್ದಕ್ಕೆ ಅವಳು ಮನಸ್ಸಿನಲ್ಲೇ ಅವರನ್ನು ಬೈದುಕೊಂಡಳು. ಕೊನೆಗೆ ಕಪ್ಪನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದಳು.

ಆ ಮನೆಯಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ. ಮೊಮ್ಮಗ ತಟ್ಟೆ ಕೆಳಗಿಟ್ಟ. ಯಜಮಾನ ಬಗ್ಗಿ ಒಂದು ಚೂರು ಎತ್ತಿ ನೋಡಿದ.

"ಇದು ನಮ್ಮನೆ ಸಾಮಾನಲ್ಲ. ಹೊರಗಿಂದು. ಲೆಕ್ಕಕ್ಕಿಲ್ಲ" ಎಂದ. "ಅದೂ ಬೇಕಂತಲೇ ಒಡೆದಳು, ನಾನೇ ನೋಡಿದೀನಿ."

ಮುದುಕಿ ಪೂರ್ತಿ ಎಚ್ಚರವಾಗಿದ್ದಳು. ವೆಂಗ್ ಚಿಕ್ಕಮ್ಮನನ್ನು ಹತ್ತಿರ ಕರೆದಳು. "ಯಾಕಮ್ಮ ಒಡೆದೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ವೆಂಗ್ ಚಿಕ್ಕಮ್ಮ ಎಲ್ಲ ಹೇಳಿಬಿಟ್ಟಳು. ತಾನು ಯಾರು, ಹುಡುಗಿ ಯಾರು, ಅವಳಿಗೆ ಇನ್ನೊಂದೇ ವರ್ಷದ ಓದು ಬಾಕಿ, ಆಮೇಲೆ ವೈದ್ಯಳಾಗಲು ಹೋಗುತ್ತಾಳೆ, ಪಟ್ಟಿ ಎಷ್ಟು ಚೆನ್ನಾಗಿ ಕಟ್ಟುತ್ತಾಳೆ ನೋಡಿ ಎಂದು ಕಾಲಿನ ಹೆಬ್ಬೆರಳು ಮುಂದೆ ಚಾಚಿ ತೋರಿಸಿದಳು. ಒಲೆಯ ಬೂದಿಯ ಕತೆಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ, ಕಾಲ ಬಳಿ ಬಿದ್ದ ನೀಲಿ ಹೂವು ನೋಡಿ, ಸತ್ತವರ ಮನೆಯಲ್ಲಿ ಅತ್ತ ಹಾಗೆ ಜೋರಾಗಿ ಅತ್ತುಬಿಟ್ಟಳು.

ಮುದುಕಿ ಹೆಬ್ಬೆರಳಿನ ಪಟ್ಟಿಯನ್ನು ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ನಾನು ಕುಂಬಾರರ ಮನೆ ಮಗಳು ಕಣೋ. ನಮ್ಮಪ್ಪನ ಆವಿಗೆಲಿ ದಿನಕ್ಕೆ ನೂರು ಒಡೀತಿತ್ತು. ನಿಮ್ಮನೆಗೆ ನನ್ನ ಚೀಟಿ ಬಂದಾಗ ಮೂರು ದಿನ ದೇವರನ್ನ ಬೇಡ್ಕೊಂಡೆ, ಒಂದಾದ್ರೂ ಒಡೀಲಪ್ಪ ಅಂತ. ಒಡೆಯೋ ಸಾಮಾನೇ ಇಲ್ದಿರೋ ಮನೆ ಅಂತ ಬಂದ ಮೇಲೆ ಗೊತ್ತಾಯ್ತು. ಇಂಥ ಮನೇಲಿ ಶಕುನ ಕೇಳೋದು ಒಂದೇ, ಮೂಗನ ಹತ್ರ ಒಪ್ಪಿಗೆ ಕೇಳೋದು ಒಂದೇ."

"ಜನ ಏನಂತಾರಮ್ಮ?"

"ಲಿಯಾವ್ ಮನೇಲೂ ಒಡೆಯುತ್ತೆ ಅಂತಾರೆ. ಅನ್ನಲಿ. ಚೀಟಿ ವಾಪಸ್ ಕಳಿಸು."

ಅರವತ್ತರ ಯಜಮಾನ ತಾಯಿಗೆ ಎದುರಾಡಲಿಲ್ಲ. ಊದುಬತ್ತಿಯ ಬಟ್ಟಲೆತ್ತಿ ಚೀಟಿ ತೆಗೆದ. ಮೊಮ್ಮಗ ಮೂಲೆಯಿಂದ ಎದ್ದು ಬಂದು, ಚೂರುಗಳನ್ನು ಒಂದೊಂದಾಗಿ ಆರಿಸಿ ಬಟ್ಟೆಗೆ ಹಾಕಿಕೊಂಡ. ಇವು ನಿಮಗೆ ಬೇಕೇ ಎಂದು ಮೆಲ್ಲಗೆ ಕೇಳಿದ. ಬೇಡವೆಂದಳು.

ರುಲಾನ್ ಆ ಸಂಜೆ ಅದೇ ಹೆಬ್ಬೆರಳಿಗೆ ಹೊಸ ಪಟ್ಟಿ ಕಟ್ಟಿದಳು. ಕಟ್ಟುವಾಗ ಅವಳಿಗೆ ಕಣ್ಣೇ ಕಾಣುತ್ತಿರಲಿಲ್ಲ, ಅಷ್ಟು ಅಳು. ಪಟ್ಟಿ ಸೊಟ್ಟಗಾಯಿತು, ವೆಂಗ್ ಚಿಕ್ಕಮ್ಮ ಬೈದು ಬಿಚ್ಚಿಸಿ ಮತ್ತೆ ಕಟ್ಟಿಸಿದಳು. ಮಿಸ್ಸಮ್ಮ ಕೃತಜ್ಞತಾ ಕೂಟ ಏರ್ಪಡಿಸಿದರು. ಬೇಸಿಗೆ ರಜೆ ಕಳೆದು ಹೊಸ ಹುಡುಗಿಯರು ಬಂದರು. ಮೊದಲ ಭಾನುವಾರ ಮಿಸ್ಸಮ್ಮ ಉಪದೇಶಕ್ಕೆ ನಿಂತು, ಕಪ್ ತರಲೆಂದು ಹಿಂದಿನ ಬೆಂಚಿನ ಕಡೆ ಕೈ ಚಾಚಿದರು.

ವೆಂಗ್ ಚಿಕ್ಕಮ್ಮ ಎದ್ದು ನಿಂತಳು. "ಕಪ್ ಇಲ್ಲ, ಮಿಸ್ಸಮ್ಮ. ಒಡೆದೆ. ಆ ಐದು ಕೈ ಜಾರಿ ಹೋದ್ವು. ಇದನ್ನ ಬೇಕಂತಲೇ ಒಡೆದೆ. ರುಲಾನ್ ಚೀಟಿಗೆ ನಿಮ್ಮ ಪ್ರಾರ್ಥನೆ ಜೊತೆ ಒಂದು ಕಪ್ಪೂ ಬೇಕಾಯ್ತು."

ಮಿಸ್ಸಮ್ಮನಿಗೆ ಹಿಂದಿನ ಐದು ಕೃತಜ್ಞತಾ ಕೂಟಗಳು ಒಂದಾದ ಮೇಲೊಂದು ನೆನಪಾಗಿರಬೇಕು. ಅವರ ಮುಖ ಕೆಂಪಗಾಯಿತು, ಆಮೇಲೆ ಬಿಳಿಚಿತು, ಆಮೇಲೆ ತುಟಿ ಅಲುಗಿತು. ನಗುವನ್ನು ನುಂಗಿಕೊಂಡರೆಂದು ಮುಂದಿನ ಬೆಂಚಿನವರು ಇವತ್ತಿಗೂ ಆಣೆಯಿಟ್ಟು ಹೇಳುತ್ತಾರೆ.

"ಅದು ನಿನ್ನದಾಗಿತ್ತಲ್ಲವೇ, ಸಹೋದರಿಯೇ" ಎಂದರು. "ತನ್ನದನ್ನು ಕೊಡುವ ಅಧಿಕಾರ ಪ್ರತಿಯೊಬ್ಬರಿಗೂ ಉಂಟು." ಅಂದಿನ ಉಪದೇಶ ಅಷ್ಟಕ್ಕೇ ಮುಗಿಯಿತು. ಹುಡುಗಿಯರಿಗೆ ಅರ್ಧ ಗಂಟೆ ಮೊದಲೇ ಊಟ ಸಿಕ್ಕಿತು.

ಮರುವರ್ಷ ರುಲಾನ್ ಪದವಿ ಪಡೆದ ದಿನ ಗೇಟಿಗೆ ಲಿಯಾವ್ ಮನೆಯಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಕಪ್ಪು ಅರಗಿನ ಒಂದು ಪುಟ್ಟ ಕಪ್, ಹಿಡಿ ಸಮೇತ, ಮಿಸ್ಸಮ್ಮನ ಕಪ್ಪಿನದೇ ಆಕಾರ. ಮೈತುಂಬ ಪಿಂಗಾಣಿಯ ಚೂರುಗಳನ್ನು ಕೂರಿಸಿ, ಉಜ್ಜಿ, ನೀಲಿ ಹೂವನ್ನು ಎಸಳು ಎಸಳಾಗಿ ಮತ್ತೆ ಜೋಡಿಸಿದ್ದರು. ಇದು ಒಡೆಯುವುದಿಲ್ಲ ಎಂದು ಅಜ್ಜಿ ಹೇಳಿಕಳಿಸಿದ್ದಾರೆ ಎಂದ ತಂದವನು.

ವೆಂಗ್ ಚಿಕ್ಕಮ್ಮ ಅದನ್ನು ತನ್ನ ಅಂಗಿಯ ತುದಿಯಲ್ಲೇ ಒರೆಸಿ ಒರೆಸಿ ನೋಡಿದಳು. ಒಂದು ಸಲ ಬೇಕೆಂದೇ ಕೆಳಗೆ ಬಿಟ್ಟಳು. ಟಕ್ ಎಂದು ಪುಟಿದು ನೆಟ್ಟಗೆ ಕೂತಿತು. ಮರುದಿನ ವೈದ್ಯಕೀಯ ಕಾಲೇಜಿಗೆಂದು ಪೀಕಿಂಗಿಗೆ ಹೊರಟಿದ್ದ ರುಲಾನಳ ಪೆಟ್ಟಿಗೆ ತೆಗೆದು, ಬಟ್ಟೆಗಳ ನಡುವೆ ಅದನ್ನು ತುರುಕಿದಳು.

"ಅಯ್ಯೋ, ಚಿಕ್ಕಮ್ಮ, ಇದು ನಿಮ್ಮದು."

"ನನ್ನದು ಅಂತಲೇ ಕೊಡ್ತಿರೋದು. ಒಡೀದೆ ಇರೋದು ನಿಂಗಿರಲಿ. ನಂಗೆ ಒಡೆಯೋದು ಬೇಕು, ಒಳಗೆ ಇನ್ನೂ ಮೂವತ್ತು ಹುಡುಗೀರಿದಾರೆ."

ರುಲಾನಳ ದೋಣಿ ಹೋದ ಮೇಲೆ ಅವಳು ನೇರವಾಗಿ ಸಂತೆಗೆ ಹೋಗಿ ಒಂದು ಮಣ್ಣಿನ ಕಪ್ ತಂದಳು. ಅದು ಸೇತುವೆಯ ಮೇಲೆಯೇ ಬಿದ್ದು ಒಡೆಯಿತು. ಹಿಂದಕ್ಕೆ ಹೋಗಿ ಇನ್ನೊಂದು ತಂದಳು.